ಮಿಲಿಟರಿ ಸರ್‌ಪ್ಲಸ್ ಹ್ಯಾಮಕ್ ಹೊತ್ತು ಚಾರಣಕ್ಕೆ ಹೋಗಬಹುದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ಈಗ ವರ್ಜೀನಿಯಾದಲ್ಲಿ ಇದ್ದೇನೆ. ಹೋದ ವಾರ ಇಲ್ಲೊಂದು ಸರ್‌ಪ್ಲಸ್ ಅಂಗಡಿಗೆ, ಅಂದರೆ ಹಳೇ ಮಿಲಿಟರಿ ಸಾಮಾನಿನ ಅಂಗಡಿಗೆ, ಸುಮ್ನೆ ನುಗ್ಗಿದ್ದೆ. ಬೂಟು, ನೀರಿನ ಕ್ಯಾನು, ಗುಂಡಿನ ಖಾಲಿ ಪೆಟ್ಟಿಗೆ ಎಲ್ಲ ರಾಶಿ ಹಾಕಿದ್ದರು. ಮೂಲೆಯ ಡ್ರಮ್ಮಿನಲ್ಲಿ ಪಾಚಿ ಬಣ್ಣದ ಒಂದು ನೈಲಾನ್ ಹ್ಯಾಮಕ್ (ಎರಡು ಮರದ ನಡುವೆ ಕಟ್ಟಿ ಮಲಗುವ ಜೋಲಿ) ಸುರುಳಿ ಸುತ್ತಿ ಬಿದ್ದಿತ್ತು. 25 ಡಾಲರ್. ಕೈ ತಡೆಯಲಿಲ್ಲ, ಹೊತ್ತು ತಂದೆ.

ಅಂಗಡಿಯವನು ವಿಯೆಟ್ನಾಂ ಯುದ್ಧದ ಕಾಲದ್ದು ಎಂದ. ಬಟ್ಟೆ ತೆಳ್ಳಗಿದೆ, ಒಂದು ಬದಿಗೆ ನೀರು ಇಳಿಯದ ಲೇಪ ಇದೆ. ಎರಡೂ ತುದಿಗೆ ನೈಲಾನ್ ಹಗ್ಗ. ಸೊಳ್ಳೆಪರದೆ ಇಲ್ಲ, ಮೇಲೆ ಹೊದಿಕೆ ಇಲ್ಲ. ಟೇಪ್ ಹಿಡಿದು ಅಳೆದರೆ ಬಟ್ಟೆಯ ಉದ್ದ 2 ಮೀಟರ್ 20 ಸೆಂಟಿಮೀಟರ್. ನಾನು 5 ಅಡಿ 9 ಇಂಚು, ತೂಕ 75 ಕೆಜಿ.

ಅಕ್ಟೋಬರ್‌ನಲ್ಲಿ ಶೆನಂಡೋವಾ ನ್ಯಾಷನಲ್ ಪಾರ್ಕಿನಲ್ಲಿ ಎರಡು ರಾತ್ರಿ ಕಳೆಯುವ ಯೋಚನೆ ಇದೆ. ಟೆಂಟ್ ಬಿಟ್ಟು ಇದನ್ನೇ ಹೊತ್ತು ಹೋಗಬಹುದಾ? ಊರಲ್ಲಿ ಹಲಸಿನ ಮರಕ್ಕೆ ಅಜ್ಜಿಯ ಸೀರೆ ಕಟ್ಟಿ ಜೋಲಿ ಆಡಿದ್ದು ಬಿಟ್ಟರೆ ನನಗೆ ಈ ವಿಷಯದಲ್ಲಿ ಬೇರೆ ಅನುಭವ ಇಲ್ಲ.

ಹಳೇಸಾಮಾನು:
ಮೊದಲು ಲೇಬಲ್ ನೋಡಿ ಮಾರಾಯ್ರೆ. ಅಂಗಡಿಯವರಿಗೆ ಹಸಿರು ಇದ್ದದ್ದೆಲ್ಲ ವಿಯೆಟ್ನಾಂ. ಹೊಲಿಗೆ ಪಕ್ಕ ಒಂದು ಮುದ್ರೆಯೋ ಸಣ್ಣ ಬಟ್ಟೆಯ ಚೀಟಿಯೋ ಇರಬೇಕು. ಅದರಲ್ಲಿ ‘ಡಿಎಸ್‌ಎ’ (ಅಮೆರಿಕ ಸೇನೆಗೆ ಸಾಮಾನು ಒದಗಿಸುತ್ತಿದ್ದ ಇಲಾಖೆ) ಎಂದು ಶುರುವಾಗುವ ಗುತ್ತಿಗೆ ಸಂಖ್ಯೆ ಇದ್ದರೆ ಅದು 60ರ ದಶಕದಿಂದ 77ರ ಒಳಗಿನ ಮಾಲು. ಆಮೇಲೆ ಆ ಇಲಾಖೆಯ ಹೆಸರೇ ‘ಡಿಎಲ್‌ಎ’ ಆಯಿತು. ಸಂಖ್ಯೆಯ ಮಧ್ಯದಲ್ಲಿ ಬರುವ ಎರಡು ಅಂಕಿ ಗುತ್ತಿಗೆಯ ವರ್ಷ.

ತುಂಗಾತೀರ:
ಸಿಕ್ಕಿತು! ಮಸುಕಾಗಿದೆ, ಮೊಬೈಲ್ ಟಾರ್ಚ್ ಅಡ್ಡಕ್ಕೆ ಹಿಡಿದಾಗ ಕಂಡಿತು. ‘ಡಿಎಸ್‌ಎ 100-68-ಸಿ’, ಮುಂದಿನ ಅಂಕಿ ಅಳಿಸಿಹೋಗಿದೆ.

ಹಳೇಸಾಮಾನು:
ಹಾಗಾದರೆ 1968ರದ್ದು. ನಿಮ್ಮ ಅಂಗಡಿಯವನು ಸತ್ಯವಂತ. ವಿಯೆಟ್ನಾಂಗೆ ಅಂತ ಅಮೆರಿಕ ಸೇನೆ ಮಾಡಿಸಿದ ಹಗುರ ಹ್ಯಾಮಕ್, 1966ರ ಮಾದರಿ. ದಯವಿಟ್ಟು ಆ ಚೀಟಿ ಕತ್ತರಿಸಬೇಡಿ, ಒಗೆಯುವಾಗ ಉಜ್ಜಬೇಡಿ.

ಹಿಂದಿನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಕಾಡಿಗೆ ಹೋದ ಅಮೆರಿಕನ್ ಸೈನಿಕರಿಗೆ ಎಂ-1942 ಎಂಬ ಜಂಗಲ್ ಹ್ಯಾಮಕ್ ಕೊಟ್ಟಿದ್ದರು. ಅದು ಒಂದು ತೂಗಾಡುವ ಕೋಣೆ. ಕೆಳಗೆ ಕ್ಯಾನ್ವಾಸ್, ಸುತ್ತ ಸೊಳ್ಳೆಪರದೆ, ಮೇಲೆ ಮಳೆ ಮಾಡು, ಒಳಗೆ ಹೋಗೋಕೆ ಜಿಪ್. ತೂಕ 3 ಕೆಜಿ ಆಸುಪಾಸು. ಮಲೇರಿಯಾ ಕಾಟಕ್ಕೆ ಒಳ್ಳೆಯ ಉಪಾಯವೇ. ಆದರೆ ರಾತ್ರಿ ಗುಂಡು ಹಾರಿದಾಗ ಜಿಪ್ ಹುಡುಕುತ್ತಾ ಕೂರೋಕೆ ಆಗುತ್ತದಾ? ಪರದೆಯನ್ನೇ ಚಾಕುವಿನಿಂದ ಸೀಳಿ ಹೊರಬಿದ್ದವರಿದ್ದಾರೆ. ಅದಕ್ಕೇ ಮೊದಲು ಒಂದು ಹೊಂಡ ತೋಡಿ, ಅದರ ಮೇಲೆ ನೆಲಕ್ಕೆ ತಾಗುವಷ್ಟು ಕೆಳಗೆ ಹ್ಯಾಮಕ್ ಕಟ್ಟುತ್ತಿದ್ದರು. ಗಲಾಟೆ ಆದರೆ ಸೀದಾ ಹೊಂಡಕ್ಕೆ ಉರುಳುವುದು.

ವಿಯೆಟ್ನಾಂ ಹೊತ್ತಿಗೆ ಆ ಕೋಣೆ ಹೋಗಿ ಬರೀ ಬಟ್ಟೆ ಉಳಿಯಿತು, ಹಗುರ ಆಯಿತು. ಮಲಗೋಕೆ ಆಗುತ್ತದೆ, ಗಾಯಾಳುವನ್ನು ಹೊರೋಕೂ ಆಗುತ್ತದೆ. ಹಾಗೆ ನೋಡಿದರೆ ಎದುರಾಳಿಗಳೇ ಇದರಲ್ಲಿ ಪಳಗಿದವರು. ಹೋ ಚಿ ಮಿನ್ ದಾರಿಯಲ್ಲಿ ತಿಂಗಳುಗಟ್ಟಲೆ ನಡೆದು ಬಂದ ಉತ್ತರ ವಿಯೆಟ್ನಾಂ ಸೈನಿಕರ ಬೆನ್ನ ಚೀಲದಲ್ಲೂ ಒಂದು ಹ್ಯಾಮಕ್ ಇರುತ್ತಿತ್ತು. ಇವತ್ತಿಗೂ ಆ ದೇಶದ ಹೆದ್ದಾರಿ ಬದಿಯ ಕಾಫಿ ಅಂಗಡಿಗಳಲ್ಲಿ ಕುರ್ಚಿ ಬದಲು ಸಾಲು ಹ್ಯಾಮಕ್ ಕಟ್ಟಿರುತ್ತಾರೆ.

ಪಾತರಗಿತ್ತಿ:
ಕಥೆ ಚೆನ್ನಾಗಿದೆ. ಆದರೆ ಪ್ರಶ್ನೆ ಮ್ಯೂಸಿಯಂ ಬಗ್ಗೆ ಅಲ್ಲವಲ್ಲ. ನಾನು ಎಂಟು ವರ್ಷದಿಂದ ಹ್ಯಾಮಕ್‌ನಲ್ಲೇ ಕ್ಯಾಂಪ್ ಮಾಡುತ್ತಿದ್ದೇನೆ, ಶುರು ಮಾಡಿದ್ದೂ ಒಂದು ಸರ್‌ಪ್ಲಸ್ ಹ್ಯಾಮಕ್‌ನಿಂದಲೇ. ನನ್ನ ಅಭಿಪ್ರಾಯ: ಬೇಡ.

ಮೊದಲನೇ ತಕರಾರು ಉದ್ದ. ಹ್ಯಾಮಕ್‌ನಲ್ಲಿ ಬೆನ್ನು ನೇರ ಆಗಬೇಕು ಅಂದರೆ ಅದರ ಉದ್ದಕ್ಕೆ ಮಲಗಬಾರದು, ಓರೆಯಾಗಿ ಮಲಗಬೇಕು. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ. ಆಗ ಮೈ ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂರುತ್ತದೆ. ಹಾಗೆ ಮಲಗೋಕೆ ಬಟ್ಟೆ 3 ಮೀಟರ್ ಮೇಲೆ ಇರಬೇಕು, 3.3 ಇದ್ದರೆ ಸುಖ. ನಿಮ್ಮ 2.2 ಮೀಟರ್‌ನಲ್ಲಿ ನೀವು ಬಾಳೆಹಣ್ಣು. ಬೆನ್ನು ಬಾಗುತ್ತದೆ, ಮಂಡಿ ಹಿಂದಕ್ಕೆ ಬಗ್ಗಿದ ಹಾಗಾಗಿ ನೋಯುತ್ತದೆ.

ಎರಡನೇದು ಚಳಿ. ಅದನ್ನು ಅನುಭವಿಸಿದ ಮೇಲೆ ನೀವೇ ಇಲ್ಲಿ ಬಂದು ಬರೆಯುತ್ತೀರಿ.

ಧಾರವಾಡ ಫೇಡೆ:
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಈ ಹ್ಯಾಮಕ್ ನೋಡಿನೇ ಇರಬೇಕು ನೋಡ್ರಿ.

ತುಂಗಾತೀರ:
😄 ಫೇಡೆ ಅಣ್ಣ. ಪಾತರಗಿತ್ತಿ ಅಕ್ಕ, ಸೈನಿಕರೂ ಆರಡಿ ಆಳುಗಳೇ ಅಲ್ವಾ? ಅವರು ಹೇಗೆ ಮಲಗಿದರು?

ಪಾತರಗಿತ್ತಿ:
ದಣಿದು ಮಲಗಿದರು. ಎರಡು ತಾಸು ನಿದ್ದೆ, ಎರಡು ತಾಸು ಕಾವಲು. ಒದ್ದೆ ನೆಲ, ಇರುವೆ, ಇಂಬಳ ಬಿಟ್ಟು ಒಂದಡಿ ಮೇಲೆ ಇದ್ದರೆ ಸಾಕಿತ್ತು ಅವರಿಗೆ. ನೀವು ಶನಿವಾರ ಭಾನುವಾರ ಖುಷಿಪಡೋಕೆ ಹೋಗುತ್ತಿದ್ದೀರಿ.

ಗುಡ್ಡದಜ್ಜ:
ನಿವೃತ್ತ ಸಿವಿಲ್ ಎಂಜಿನಿಯರ್ ನಾನು. ಆರಾಮದ ವಿಷಯ ನಿಮಗೇ ಬಿಟ್ಟೆ. ನನಗೆ ಆ ಹಗ್ಗದ ಚಿಂತೆ. ತಮ್ಮಾ, 1968ರ ಹಗ್ಗ ಅಂದೆಯಲ್ಲ, ಅದನ್ನು ಇವತ್ತೇ ಬಿಚ್ಚಿ ಬದಿಗಿಡು.

ಸಣ್ಣ ಲೆಕ್ಕ ಹೇಳುತ್ತೇನೆ. ಹಗ್ಗ ನೆಲದ ಸಮಕ್ಕಿಂತ ಎಷ್ಟು ಓರೆಯಾಗಿದೆ ಅನ್ನುವುದರ ಮೇಲೆ ಅದರ ಎಳೆತ ನಿಂತಿದೆ. ನಿನ್ನ ತೂಕ 75 ಕೆಜಿ. ಹಗ್ಗ 30 ಡಿಗ್ರಿ ಓರೆ ಇದ್ದರೆ ಒಂದೊಂದು ಕಡೆಯ ಹಗ್ಗಕ್ಕೂ ಬೀಳುವ ಭಾರ ಸರಿಯಾಗಿ 75 ಕೆಜಿ. ಅರ್ಧರ್ಧ ಹಂಚಿಹೋಗುತ್ತದೆ ಎಂದುಕೊಂಡವರಿಗೆ ಇಲ್ಲೇ ಮೊದಲ ಏಟು. ಹೊಸಬರು ಹ್ಯಾಮಕ್ ಜೋತುಬೀಳಬಾರದು ಎಂದು ಬಟ್ಟೆ ಒಣಗಿಸೋ ದಾರದ ಹಾಗೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. 15 ಡಿಗ್ರಿಗೆ ಇಳಿದರೆ ಒಂದೊಂದು ಕಡೆ 145 ಕೆಜಿ. 10 ಡಿಗ್ರಿಗೆ 216. 5 ಡಿಗ್ರಿಗೆ 430 ಕೆಜಿ! ಅಂದರೆ ಒಂದು ಎಮ್ಮೆಯನ್ನೇ ನೇತುಹಾಕಿದ ಹಾಗೆ.

ಈಗ ಪ್ಯಾರಾಕಾರ್ಡ್ ವಿಷಯ. ಸರ್‌ಪ್ಲಸ್ ಅಂಗಡಿಯಲ್ಲಿ ಹ್ಯಾಮಕ್ ಜೊತೆ ಅದನ್ನೂ ಕೊಡುತ್ತಾರೆ, ಪ್ಯಾರಾಚೂಟಿನ ದಾರ ಎಂದರೆ ಮುಗಿಯಿತು, ಜನ ನಂಬುತ್ತಾರೆ. ‘550’ ಅಂದರೆ 550 ಪೌಂಡ್, ಸುಮಾರು 250 ಕೆಜಿಗೆ ಕಿತ್ತುಹೋಗುವ ದಾರ. ಅದೂ ಹೊಸದಾಗಿದ್ದಾಗ, ಗಂಟಿಲ್ಲದಿದ್ದಾಗ. ಗಂಟು ಹಾಕಿದ ಜಾಗದಲ್ಲಿ ಬಲ ಇನ್ನೂ ಕಡಿಮೆ. 10 ಡಿಗ್ರಿಗೆ ಕಟ್ಟಿ ದೊಪ್ಪಂತ ಕೂತರೆ ಏನಾಗುತ್ತದೆ, ನೀನೇ ಯೋಚಿಸು. ಕಿತ್ತುಹೋಗದಿದ್ದರೂ ರಬ್ಬರಿನ ಹಾಗೆ ಎಳೆದುಕೊಂಡು ಬೆಳಗಿನ ಜಾವಕ್ಕೆ ನಿನ್ನ ಬೆನ್ನು ನೆಲಕ್ಕೆ ತಾಗಿರುತ್ತದೆ.

ಕೋನ ಅಳೆಯೋಕೆ ಯಂತ್ರ ಬೇಡ. ಹೆಬ್ಬೆರಳು ಮೇಲಕ್ಕೆ, ತೋರುಬೆರಳು ನೇರಕ್ಕೆ ಮಾಡಿ ಮಕ್ಕಳು ಪಿಸ್ತೂಲು ಆಡುವ ಹಾಗೆ ಹಿಡಿ. ಎರಡು ಬೆರಳ ತುದಿಗಳನ್ನು ಸೇರಿಸುವ ಗೆರೆ ಸುಮಾರು 30 ಡಿಗ್ರಿ. ಹಗ್ಗ ಆ ಗೆರೆಗೆ ಸಮ ಬಂದರೆ ಸಾಕು.

ತುಂಗಾತೀರ:
ಅಜ್ಜಾ, ಆಫೀಸಿನಲ್ಲಿ ಕೂತು ಪಿಸ್ತೂಲು ಹಿಡಿದು ನೋಡುತ್ತಿದ್ದೇನೆ, ಪಕ್ಕದವರು ವಿಚಿತ್ರವಾಗಿ ನೋಡುತ್ತಿದ್ದಾರೆ.

ಗುಡ್ಡದಜ್ಜ:
ನೋಡಲಿ ಬಿಡು. ಇನ್ನೊಂದು. ಮರಕ್ಕೆ ಸುತ್ತೋಕೆ ಹಗ್ಗ ಬೇಡ, ಅಗಲದ ಪಟ್ಟಿ ತಗೋ. ಕಡಿಮೆ ಎಂದರೆ 2.5 ಸೆಂಟಿಮೀಟರ್ ಅಗಲ, ಪಾಲಿಯೆಸ್ಟರ್‌ದು. ನೈಲಾನ್ ಪಟ್ಟಿ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ. ತೆಳು ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಮರದ ಆಹಾರ ಹರಿಯುವುದು ಆ ತೊಗಟೆಯ ಒಳಪದರದಲ್ಲೇ.

ಕಾಫಿತೋಟ:
ಸೋಮವಾರಪೇಟೆ ಕಡೆಯಿಂದ ನಾನು. ಮರದ ವಿಷಯ ಬಂತಲ್ಲ, ಒಂದು ಗೋಳು ಹೇಳಿಕೊಳ್ಳುತ್ತೇನೆ. ಹೋದ ವರ್ಷ ಹೋಂಸ್ಟೇಗೆ ಬಂದ ಹುಡುಗರು ತೋಟದಲ್ಲಿ ಹ್ಯಾಮಕ್ ಕಟ್ಟುತ್ತೇವೆ ಎಂದರು. ಆಯ್ತಪ್ಪ ಎಂದೆ. ಬೆಳಿಗ್ಗೆ ಹೋಗಿ ನೋಡಿದರೆ ಸಿಲ್ವರ್ ಓಕ್‌ಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಯ ಮೇಲೇ ಹಗ್ಗ ಬಿಗಿದಿದ್ದಾರೆ! ಏಳು ವರ್ಷದ ಬಳ್ಳಿ. ಸೊಂಟದೆತ್ತರಕ್ಕೆ ಹಿಸುಕಿಹೋಗಿತ್ತು, ಹದಿನೈದು ದಿನದಲ್ಲಿ ಮೇಲಿನದೆಲ್ಲ ಬಾಡಿತು. ಅವರಿಗೆ ಅದು ಮರದ ಮೇಲಿನ ಸೊಪ್ಪು, ನನಗೆ ವರ್ಷದ ಬೆಳೆ.

ಊರಿಗೆ ಬಂದಾಗ ಹ್ಯಾಮಕ್ ಕಟ್ಟುವವರು ಕೇಳಿ. ಅಡಿಕೆ ಮರ ಬೇಡ, ತೆಳ್ಳಗೆ, ಬಗ್ಗುತ್ತದೆ, ಮೇಲಿಂದ ಸೋಗೆ ಬೀಳುತ್ತದೆ. ತೆಂಗಿನ ಕೆಳಗೆ ಮಲಗುವವನಿಗೆ ನಾನು ಏನೂ ಹೇಳಬೇಕಿಲ್ಲ. ಹಲಸು, ಮಾವು ಒಳ್ಳೆಯದು. ಮತ್ತೆ ಯಾವ ಮರ ಆದರೂ ಮೊದಲು ತಲೆ ಎತ್ತಿ ನೋಡಿ, ಒಣಕೊಂಬೆ ನೇತಾಡುತ್ತಿದ್ದರೆ ಮುಂದಿನ ಮರಕ್ಕೆ ಹೋಗಿ.

ನಮ್ಮ ಚಿಕ್ಕಪ್ಪ ಸೇನೆಯಲ್ಲಿ ಇದ್ದವರು, ಈಶಾನ್ಯದಲ್ಲಿ ತುಂಬ ವರ್ಷ. ಮಿಜೋರಾಂನ ವೈರೆಂಗ್ಟೆಯಲ್ಲಿ ಜಂಗಲ್ ತರಬೇತಿ ಆದವರು. ಹ್ಯಾಮಕ್ ಬಗ್ಗೆ ಕೇಳಿದೆ. ನಕ್ಕುಬಿಟ್ಟರು. “ಗ್ರೌಂಡ್ ಶೀಟ್, ಬರಸಾತಿ (ಮಳೆಯಂಗಿ), ಸೊಳ್ಳೆಪರದೆ, ಇಷ್ಟೇ ನಮ್ಮ ಮನೆ. ತೂಗಿಕೊಂಡು ಮಲಗೋದು ಪಿಂಚಣಿ ಬಂದ ಮೇಲೆ” ಎಂದರು.

ಪಾತರಗಿತ್ತಿ:
ಚಿಕ್ಕಪ್ಪನವರಿಗೆ ಇಲ್ಲಿ ಒಂದು ಖಾತೆ ತೆರೆದುಕೊಡಿ!

ಹಳೇಸಾಮಾನು:
ಭಾರತದ ಸೇನೆಯದು ಬೇರೆ ದಾರಿ ಸರಿ. ಆದರೆ ಬ್ರೆಜಿಲ್ ಸೇನೆಯವರು ಇವತ್ತಿಗೂ ಅಮೆಜಾನ್‌ನಲ್ಲಿ ಹ್ಯಾಮಕ್‌ನಲ್ಲೇ ಮಲಗುತ್ತಾರೆ, ಮನಾಸ್‌ನಲ್ಲಿ ಅವರ ಜಂಗಲ್ ಯುದ್ಧ ಶಾಲೆ ಇದೆ. ಅಲ್ಲಿನ ಜನರಿಗೆ ಮನೆಯಲ್ಲೂ ಅದೇ ಹಾಸಿಗೆ. ಹ್ಯಾಮಕ್ ಎಂಬ ಮಾತೇ ಕೆರಿಬಿಯನ್ ದ್ವೀಪಗಳ ತೈನೋ ಜನರದ್ದು, ಕೊಲಂಬಸ್ ಹೋದಾಗ ಅವರು ಮಲಗುತ್ತಿದ್ದುದು ಇದರಲ್ಲೇ. ಯುರೋಪಿನ ಹಡಗುಗಳಿಗೆ ಬಂದದ್ದು ಆಮೇಲೆ. ಬ್ರಿಟಿಷ್ ಯುದ್ಧನೌಕೆಗಳಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಹ್ಯಾಮಕ್ ಸುತ್ತಿ, ಹಡಗಿನ ಅಂಚಿನುದ್ದಕ್ಕೂ ಜೋಡಿಸಬೇಕಿತ್ತು, ಬಂದೂಕಿನ ಗುಂಡಿಗೆ ಅಡ್ಡವಾಗಿ. ಹಾಸಿಗೆಯೇ ಗೋಡೆ.

ಸರಿ, ಕೆಲಸದ ಮಾತಿಗೆ ಬರೋಣ. ತುಂಗಾತೀರ, ಆ ಲೇಪ ಹೇಗಿದೆ? ಬೆರಳಿಂದ ಉಜ್ಜಿ ನೋಡಿ.

ತುಂಗಾತೀರ:
ಒಂದು ಕಡೆ ಅಂಟುಅಂಟು. ಮಡಚಿದ ಗೆರೆ ಇದ್ದ ಕಡೆ ಹಪ್ಪಳದ ಹಾಗೆ ಪುಡಿ ಉದುರುತ್ತದೆ. ವಾಸನೆ ಹಳೇ ಗೋಣಿಚೀಲದ್ದು.

ಹಳೇಸಾಮಾನು:
ಹಾಗಾದರೆ ಲೇಪದ ಆಯಸ್ಸು ಮುಗಿದಿದೆ. ಅದು ಜಲನಿರೋಧಕ ಎಂದು ನಂಬಬೇಡಿ. ಬಟ್ಟೆ ಇನ್ನೂ ಗಟ್ಟಿಯಾ ನೋಡೋಕೆ ಹೀಗೆ ಮಾಡಿ. ಹಗಲು ಕಿಟಕಿಗೆ ಅಡ್ಡ ಹಿಡಿದು ಸೂಜಿತೂತು, ತೆಳುವಾದ ಜಾಗ ಇದೆಯಾ ನೋಡಿ. ಆಮೇಲೆ ಹೊಲಿಗೆಯ ಎರಡೂ ಬದಿ ಮುಷ್ಟಿಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಚಿಟಿಚಿಟಿ ಸದ್ದು ಬಂದರೆ ಮುಗಿಯಿತು, ಗೋಡೆಗೆ ತೂಗುಹಾಕಿ. ಹೆಚ್ಚಾಗಿ ಇಂಥವು ಕೊಳೆಯುವುದು ಬಿಸಿಲಿನಿಂದ. ಗೋದಾಮಿನ ಕತ್ತಲಲ್ಲಿ ಇದ್ದದ್ದಾದರೆ ನೈಲಾನ್ ಚೆನ್ನಾಗಿಯೇ ಇರಬಹುದು. ಎಂ-1942ರ ಹತ್ತಿ ಬಟ್ಟೆಯದನ್ನು ಮಾತ್ರ ಯಾರೂ ನಂಬಬೇಡಿ, ನನ್ನ ಹತ್ತಿರ ಇರುವುದನ್ನು ಮುಟ್ಟಿದರೆ ಹರಿಯುತ್ತದೆ. ಈಗ ಅಂಗಡಿಗಳಲ್ಲಿ ‘ಜಂಗಲ್ ಹ್ಯಾಮಕ್’ ಎಂದು ಸಿಗುವ ಹೊಸವು ಅದರ ನಕಲು. ಮಲಗೋಕೆ ಅಡ್ಡಿಯಿಲ್ಲ, ಹೊರೋಕೆ ಭಾರ.

ತುಂಗಾತೀರ:
ಎಳೆದೆ. ಸದ್ದು ಬರಲಿಲ್ಲ. ಹೋಗೋದು ಗ್ಯಾರಂಟಿ. ಪಾಲಿಯೆಸ್ಟರ್ ಪಟ್ಟಿ ತಂದೆ. ಮಾಡಿಗೆ ಅದೇ ಅಂಗಡಿಯಿಂದ ಸೇನೆಯ ಪಾಂಚೋ (ಮಳೆಗೆ ಮೈಮೇಲೆ ಹಾಕಿಕೊಳ್ಳುವ ದೊಡ್ಡ ಹೊದಿಕೆ), ಚಳಿಗೆ ಪಾಂಚೋ ಲೈನರ್ (ಅದರ ಒಳಗೆ ಸೇರಿಸುವ ತೆಳು ರಜಾಯಿ). ಎಲ್ಲ ಒಂದೇ ಕುಟುಂಬದ್ದು ಇರಲಿ ಅಂತ.

ಪಾತರಗಿತ್ತಿ:
ಹಠ ಹಿಡಿದಿದ್ದೀರಿ, ಇರಲಿ. ಹಾಗಾದರೆ ಕೇಳಿ. ಹ್ಯಾಮಕ್‌ನಲ್ಲಿ ಚಳಿ ಬರುವುದು ಕೆಳಗಿಂದ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಮೈಯ ಭಾರಕ್ಕೆ ಅದರ ಕೆಳಗಿನ ಪದರ ಒತ್ತಿ ತೆಳ್ಳಗಾಗುತ್ತದೆ. ಅದರಾಚೆ ಒಂದು ಎಳೆ ನೈಲಾನ್, ಅದರಾಚೆ ಬೀಸುವ ಗಾಳಿ. ಟೆಂಟಿನಲ್ಲಿ ನೆಲವಾದರೂ ಗಾಳಿ ತಡೆಯುತ್ತದೆ. ಫೋಮ್ ಚಾಪೆ ಹಾಕಿಕೊಳ್ಳಿ. ಆ ಲೈನರ್ ಅನ್ನು ಹೊದೆಯಬೇಡಿ, ಹ್ಯಾಮಕ್‌ನ ಕೆಳಗೆ, ಹೊರಗಿನಿಂದ ಕಟ್ಟಿ. ಮೂಲೆಗಳಲ್ಲಿ ದಾರ ಇದೆಯಲ್ಲ, ಅದು ಪಾಂಚೋಗೆ ಸೇರಿಸೋಕೆ ಅಂತ ಇಟ್ಟದ್ದು, ನಮಗೆ ಹೀಗೆ ಉಪಯೋಗ. ಬೆನ್ನಿಗೆ ತಾಗಿಯೂ ತಾಗದ ಹಾಗೆ ಇರಬೇಕು. ಬಿಗಿಯಾದರೆ ಮತ್ತೆ ಒತ್ತಿಹೋಗುತ್ತದೆ, ಜೋಲಾಡಿದರೆ ಗಾಳಿ ನುಗ್ಗುತ್ತದೆ.

ಇನ್ನೊಂದು ಸಣ್ಣ ವಿಷಯ, ಮರೆಯಬೇಡಿ. ಮರದಿಂದ ನೀರು ಪಟ್ಟಿಯ ಮೇಲೆ ಹರಿದು ಸೀದಾ ಹಾಸಿಗೆಗೆ ಬರುತ್ತದೆ. ಎರಡೂ ಕಡೆ, ಮಾಡಿನ ಒಳಗೆ, ಪಟ್ಟಿಗೆ ಒಂದು ತುಂಡು ಶೂ ಲೇಸ್ ಕಟ್ಟಿ ಇಳಿಬಿಡಿ. ನೀರು ಅದನ್ನು ಹಿಡಿದು ಕೆಳಗೆ ಇಳಿಯುತ್ತದೆ.

ಓಕ್‌ಮರದಡಿ:
ನಾನೂ ವರ್ಜೀನಿಯಾದವನೇ. ಶೆನಂಡೋವಾದಲ್ಲಿ ಕಾಡೊಳಗೆ ರಾತ್ರಿ ಇರೋಕೆ ಮೊದಲೇ ಪರ್ಮಿಟ್ ಬೇಕು, ಮಾಡಿಸಿದ್ದೀರಿ ತಾನೇ? ಕರಡಿ ಇವೆ, ಊಟದ ಚೀಲವನ್ನು ನೆಲದಿಂದ 3 ಮೀಟರ್ ಮೇಲೆ, ಕಾಂಡದಿಂದ ಒಂದೂಕಾಲು ಮೀಟರ್ ದೂರ ತೂಗುಹಾಕಬೇಕು. ಹ್ಯಾಮಕ್‌ನಲ್ಲಿ ತಿಂಡಿ ಇಟ್ಟುಕೊಂಡು ಮಲಗಬೇಡಿ, ಕರಡಿಗೆ ನೀವೇ ತೂಗುಹಾಕಿದ ಬುತ್ತಿ ಆಗುತ್ತೀರಿ.

ಪಾಚಿ ಬಣ್ಣದ ಬಗ್ಗೆಯೂ ಒಂದು ಮಾತು. ಪಾರ್ಕಿನೊಳಗೆ ಬೇಟೆ ಇಲ್ಲ, ಸರಿ. ಆದರೆ ಪಕ್ಕದ ನ್ಯಾಷನಲ್ ಫಾರೆಸ್ಟಿನಲ್ಲಿ ಇದೆ. ಮುಂದೆ ಅಲ್ಲಿ ಮಲಗೋದಾದರೆ ಎರಡೂ ತುದಿಗೆ ಕೇಸರಿ ಬಣ್ಣದ ಬಟ್ಟೆ ಕಟ್ಟಿ. ಸೇನೆಯವರು ಕಾಣಬಾರದು ಎಂದೇ ಆ ಬಣ್ಣ ಆರಿಸಿದ್ದು. ನಮಗೆ ಕಾಣಬೇಕು.

ಕಾಫಿತೋಟ:
ನಮ್ಮ ಕಡೆಯೂ ಅದೇ ಕಥೆ. ಸೇನೆ ಬಣ್ಣದ ಬಟ್ಟೆ ಹಾಕಿಕೊಂಡು ಕಾಡಂಚಿನಲ್ಲಿ ಓಡಾಡಿದರೆ ಮೊದಲು ಬೇಟೆಯವನು ಅಂದುಕೊಳ್ಳುತ್ತಾರೆ, ಆಮೇಲೆ ಆಧಾರ್ ಕೇಳುತ್ತಾರೆ. ಮತ್ತೆ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗೋದು ಕಾನೂನಿಗೆ ವಿರುದ್ಧ. ಟೆಂಟ್ ಅಲ್ಲ ಸ್ವಾಮಿ, ಬರೀ ಹ್ಯಾಮಕ್ ಅಂದರೆ ಆ ಸಬೂಬು ಯಾರೂ ಒಪ್ಪೋದಿಲ್ಲ.

(ಮೂರು ವಾರದ ನಂತರ)

ತುಂಗಾತೀರ:
ಹೋಗಿ ಬಂದೆ. ಒಪ್ಪಿಸುತ್ತೇನೆ.

ಮೊದಲ ರಾತ್ರಿ. ಐದು ಮೀಟರ್ ಅಂತರದ ಎರಡು ಓಕ್ ಮರ, ಮೇಲೆ ಒಣಕೊಂಬೆ ಇಲ್ಲ. ಅಜ್ಜನ ಪಿಸ್ತೂಲು ಹಿಡಿದು ಕೋನ ನೋಡಿದೆ. ಕುರ್ಚಿಯಷ್ಟು ಎತ್ತರಕ್ಕೆ ಕಟ್ಟಿ ಮೆಲ್ಲಗೆ ಕೂತೆ. ಬಟ್ಟೆ ಒಮ್ಮೆ ಕಿರ್ ಎಂದಿತು, ನನ್ನ ಎದೆ ಝಲ್ ಎಂದಿತು, ಏನೂ ಆಗಲಿಲ್ಲ. ಮಲಗಿದೆ. ಎಲೆಗಳೆಲ್ಲ ಹಳದಿ ಕೆಂಪಾಗಿ ಉದುರುತ್ತಿದ್ದವು, ಒಂದೆರಡು ಎಲೆ ಹೊಟ್ಟೆ ಮೇಲೇ ಬಿದ್ದವು. ಅರ್ಧ ಗಂಟೆ ಸ್ವರ್ಗ.

ಓರೆಯಾಗಿ ಮಲಗೋಕೆ ಹೋದೆ. ಆಗಲಿಲ್ಲ ಅಕ್ಕ. ಹಿಮ್ಮಡಿ ಅಂಚಿನಿಂದ ಹೊರಗೆ ಬಂತು, ಬಟ್ಟೆಯ ಅಂಚು ಮೀನಖಂಡವನ್ನು ಹಗ್ಗದ ಹಾಗೆ ಒತ್ತಿತು. ಮತ್ತೆ ಬಾಳೆಹಣ್ಣಾದೆ.

ಚಳಿ. ಮೊದಲ ರಾತ್ರಿ ಜಂಬದಿಂದ ಲೈನರ್ ಅನ್ನು ಮೇಲೇ ಹೊದ್ದಿದ್ದೆ. ಫೋಮ್ ಚಾಪೆ ಇತ್ತು, ಆದರೆ ಅದು ಸೋಪಿನ ಹಾಗೆ ಜಾರುತ್ತದೆ. ಎರಡು ಗಂಟೆಗೆ ಎಚ್ಚರ ಆಯಿತು. ಬೆನ್ನ ಕೆಳಗೆ ಯಾರೋ ಒದ್ದೆ ಟವೆಲ್ ಹಾಸಿದ ಹಾಗೆ. ಚಾಪೆ ಎಡಕ್ಕೆ ಎದ್ದು ಗೋಡೆಯ ಹಾಗೆ ನಿಂತಿತ್ತು, ನಾನು ಬರೀ ನೈಲಾನ್ ಮೇಲಿದ್ದೆ. ಚೀಲಕ್ಕೆ ನೇತುಹಾಕಿದ್ದ ಥರ್ಮಾಮೀಟರ್ 4 ಡಿಗ್ರಿ ತೋರಿಸಿತು. ಹೊರಗೆ ಚಳಿ, ಆದರೆ ಬೆನ್ನ ಹತ್ತಿರ ಲೇಪದ ಒಳಬದಿ ಬೆವರಿನಿಂದ ತೇವ. ಟಾರ್ಚ್ ಹಾಕಿ ನೋಡಿದರೆ ಸ್ಲೀಪಿಂಗ್ ಬ್ಯಾಗಿನ ತುಂಬ ಹಪ್ಪಳದ ಪುಡಿ. ಆಮೇಲೆ ನಿದ್ದೆ ಇಲ್ಲ. ಐದು ಗಂಟೆಗೆ ಎದ್ದು ಕಾಫಿ ಕಾಯಿಸಿದೆ.

ಎರಡನೇ ರಾತ್ರಿ ಬುದ್ಧಿ ಬಂತು. ಲೈನರ್ ಕೆಳಗೆ ಕಟ್ಟಿದೆ. ಮೊದಲು ಬಿಗಿಯಾಯಿತು, ಕೈಯಿಂದ ಒಂದು ಬೆರಳಷ್ಟು ಸಡಿಲ ಮಾಡಿದೆ. ಅಷ್ಟೇ ವ್ಯತ್ಯಾಸ, ಬೆನ್ನು ಬೆಚ್ಚಗಾಯಿತು. ಹತ್ತರ ಸುಮಾರಿಗೆ ಮಳೆ. ಪಾಂಚೋ ಎರಡೂ ತುದಿಗೆ ಸಾಲಲಿಲ್ಲ, ಕಾಲಿನ ಕಡೆ ಒಂದು ಗೇಣು ನೆನೆಯಿತು. ತಲೆ ಕಡೆ ಶೂ ಲೇಸ್ ಕಟ್ಟಿದ್ದೆ, ಅದರಿಂದ ನೀರು ಟಪ್ ಟಪ್ ಎಂದು ನೆಲಕ್ಕೆ ಬೀಳುವುದನ್ನು ನೋಡುತ್ತಾ ಮಲಗಿದೆ. ಕಾಲಿನ ಕಡೆ ಕಟ್ಟೋಕೆ ಮರೆತಿದ್ದೆ. ಯಾವ ಕಾಲುಚೀಲ ಒದ್ದೆ ಆಯಿತು ಎಂದು ಹೇಳಬೇಕಿಲ್ಲ.

ಬಂದ ಮೇಲೆ ಎಲ್ಲವನ್ನೂ ತೂಗಿದೆ. ಹ್ಯಾಮಕ್ 600 ಗ್ರಾಂ, ಪಟ್ಟಿ 400, ಪಾಂಚೋ 700, ಲೈನರ್ 700, ಚಾಪೆ 400. ಒಟ್ಟು 2 ಕೆಜಿ 800 ಗ್ರಾಂ. ಮನೆಯಲ್ಲಿರುವ ನನ್ನ ಟೆಂಟ್ ಮತ್ತು ಚಾಪೆ ಸೇರಿ 2 ಕೆಜಿ 300. ಹಣದ ಲೆಕ್ಕ ಹೆಂಡತಿ ಮಾಡಿದಳು, ಅದನ್ನು ಇಲ್ಲಿ ಹಾಕೋದಿಲ್ಲ.

ಧಾರವಾಡ ಫೇಡೆ:
ಮೂಗಿಗಿಂತ ಮೂಗುತಿ ಭಾರ ಆತಲ್ರೀ.

ಪಾತರಗಿತ್ತಿ:
ಎರಡನೇ ರಾತ್ರಿ ನೀವು ಕಲಿತದ್ದಕ್ಕೆ ನಾನು ಆರು ತಿಂಗಳು ತಗೊಂಡಿದ್ದೆ, ನಿಜವಾಗಿ. ‘ಬೇಡ’ ಎಂದ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಆ ಹ್ಯಾಮಕ್ ಒಂದನ್ನೇ ಬದಲಿಸಿ. ಲೈನರ್ ಇಟ್ಟುಕೊಳ್ಳಿ, ಅದು ಸೇನೆಯವರು ಮಾಡಿದ ಒಳ್ಳೆಯ ಸಾಮಾನು. ಪಟ್ಟಿ ಇದೆ. 3.3 ಮೀಟರ್ ತೆಳು ನೈಲಾನ್ ಬಟ್ಟೆ ತಂದು ಎರಡು ತುದಿ ಒಟ್ಟು ಮಾಡಿ ಹೊಲಿದರೆ ಹೊಸ ಹ್ಯಾಮಕ್. ನನ್ನ ಈಗಿನದು ಹಾಗೇ ಮನೆಯಲ್ಲಿ ಹೊಲಿದದ್ದು.

ಕಾಫಿತೋಟ:
ನಾನು ತುಂಗಾತೀರರ ಪರ. ತೂಕ ಹೆಚ್ಚಾಯಿತು ಸರಿ, ಆದರೆ ಟೆಂಟಿಗೆ ಸಮತಟ್ಟು ಜಾಗ ಬೇಕು. ನಮ್ಮ ಕಡೆ ಜುಲೈನಲ್ಲಿ ಅಂಥ ಜಾಗ ಎಲ್ಲಿ ಸಿಗುತ್ತದೆ? ಇಳಿಜಾರು, ಕೆಸರು, ನೆಲದ ತುಂಬ ಇಂಬಳ. ಎರಡು ಮರ ಇದ್ದರೆ ಆಯಿತು ಎನ್ನುವುದು ದೊಡ್ಡ ಅನುಕೂಲ. ಹಗ್ಗ ಹಿಡಿದು ಇಂಬಳ ಬರುತ್ತದಾ ಅಂತ ಕೇಳುತ್ತಾರೆ. ಮರದ ಮೇಲೂ ಹತ್ತುತ್ತದೆ, ಪಟ್ಟಿಗೆ ನಶ್ಯವೋ ಹೊಗೆಸೊಪ್ಪು ನೆನೆಸಿದ ನೀರೋ ಸವರಿ.

ಉಣುಗಿನ ಊರು:
ಸೊರಬದ ಕಡೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವನು. ಇಂಬಳಕ್ಕಿಂತ ಉಣುಗಿಗೆ ಹೆದರಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಚಾರಣದವರು ಜಾಸ್ತಿ ಬರುವ ಹೊತ್ತಿಗೇ, ತರಗೆಲೆಯಲ್ಲಿ ಉಣುಗಿನ ಮರಿ ತುಂಬಿರುತ್ತವೆ. ತರಗೆಲೆ ಮೇಲೆ ಮಲಗೋದಕ್ಕಿಂತ ಹ್ಯಾಮಕ್ ಖಂಡಿತ ಮೇಲು. ಆದರೆ ಮರಕ್ಕೆ ಪಟ್ಟಿ ಸುತ್ತುವಾಗ ಅದೇ ತರಗೆಲೆಯಲ್ಲಿ ಅರ್ಧ ಗಂಟೆ ನಿಂತಿರುತ್ತೀರಿ, ಚೀಲವನ್ನೂ ಅಲ್ಲೇ ಇಡುತ್ತೀರಿ, ಆಮೇಲೆ ಅದೇ ಚೀಲವನ್ನು ಹಾಸಿಗೆಗೆ ಎಳೆದುಕೊಳ್ಳುತ್ತೀರಿ. ಚೀಲವನ್ನೂ ತೂಗುಹಾಕಿ.

ನಾವು ಮನೆಮನೆಗೆ ಹಂಚುವ ಡೆಪಾ ತೈಲ ಇದೆಯಲ್ಲ, ಉಣುಗು ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವುದು, ಅದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಸೈನಿಕರಿಗೆಂದು ತಯಾರಾದದ್ದು. ನಿಮ್ಮ ಸರ್‌ಪ್ಲಸ್ ಸಾಮಾನಿನ ಜೊತೆಗೆ ಅದನ್ನೂ ಸೇರಿಸಿಕೊಳ್ಳಿ.

ಓಕ್‌ಮರದಡಿ:
ಇಲ್ಲಿಯೂ ಉಣುಗು ಇದೆ, ಲೈಮ್ ಕಾಯಿಲೆ ತರುತ್ತದೆ. ತುಂಗಾತೀರ, ಮನೆಗೆ ಬಂದು ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಂಡಿರಾ?

ತುಂಗಾತೀರ:
ನೋಡಿಕೊಂಡೆ, ಏನೂ ಇಲ್ಲ. ಚೀಲ ಮಾತ್ರ ನೆಲದ ಮೇಲೇ ಇಟ್ಟಿದ್ದೆ. ಈಗ ಹೋಗಿ ಅದನ್ನು ಝಾಡಿಸುತ್ತೇನೆ.

ಹಳೇಸಾಮಾನು:
ಹ್ಯಾಮಕ್ ಏನು ಮಾಡುತ್ತೀರಿ? ಬಿಸಾಡಬೇಡಿ.

ತುಂಗಾತೀರ:
ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ತಗೊಂಡು ಹೋಗಿ ಅಪ್ಪನಿಗೆ ತೋರಿಸುತ್ತೇನೆ. ಗಾಯಾಳು ಹೊರೋಕೂ ಆಗುತ್ತದೆ ಎಂದಿರಲ್ಲ, ಅದನ್ನು ಫೋನಿನಲ್ಲಿ ಹೇಳಿದೆ. ಅವರು, “ಅದಕ್ಕೇನು, ನಮ್ಮ ಅಜ್ಜನಿಗೆ ಹುಷಾರಿಲ್ಲದಾಗ ಕಂಬಳಿ ಜೋಲಿ ಮಾಡಿ ಬಿದಿರಿಗೆ ಕಟ್ಟಿ ನಾಲ್ಕು ಜನ ಹೊತ್ತು ಹೊಳೆ ದಾಟಿಸಿದ್ದೆವು. ಅಮೆರಿಕದವರು ಹೊಸದೇನು ಮಾಡಿದ್ದು” ಎಂದರು.

(ಜನವರಿ)

ತುಂಗಾತೀರ:
ಮತ್ತೆ ಬಂದೆ. ಹ್ಯಾಮಕ್ ಈಗ ತೀರ್ಥಹಳ್ಳಿ ಮನೆ ಹಿಂದೆ ಹಲಸು ಮತ್ತು ಮಾವಿನ ನಡುವೆ ಇದೆ. ಪಾಲಿಯೆಸ್ಟರ್ ಪಟ್ಟಿ ಬೇಡ ಎಂದು ಅಪ್ಪ ದನದ ಕಣ್ಣಿ ಹಾಕಿ, ಕರು ಕಟ್ಟುವ ಗಂಟಿನಲ್ಲಿ ಬಿಗಿದಿದ್ದಾರೆ. ಅದೂ ಬಟ್ಟೆ ಒಣಗಿಸೋ ದಾರದಷ್ಟು ನೇರ. ಸದ್ಯಕ್ಕೆ ಬೆಕ್ಕು ಮಲಗುತ್ತಿದೆ. ಊಟ ಆದ ಮೇಲೆ ತಾವೂ ಮಲಗಬೇಕು ಅಂತ ಅಪ್ಪನಿಗೆ ಆಸೆ. ಅಜ್ಜಾ, ಅವರ ತೂಕ 92 ಕೆಜಿ. ಲೆಕ್ಕ ಹೇಳಿ.

ಗುಡ್ಡದಜ್ಜ:
ಹತ್ತು ಡಿಗ್ರಿ ಎಂದುಕೊಂಡರೂ ಒಂದೊಂದು ಕಡೆ 265 ಕೆಜಿ. ಕಣ್ಣಿ ತಡೆದೀತು, 1968ರ ಹೊಲಿಗೆ ತಡೆಯೋದಿಲ್ಲ. ಬೆಕ್ಕಿಗೇ ಇರಲಿ.

ಹಳೇಸಾಮಾನು:
ಬೆಕ್ಕು ಲೇಬಲ್ ಕಡೆ ಉಗುರು ಹಾಕದ ಹಾಗೆ ನೋಡಿಕೊಳ್ಳಿ.